ಮೈಸೂರು–ಮಂಡ್ಯ ಸುತ್ತ ಸ್ಟ್ರಕ್ಚರಲ್ ಜಿಯಾಲಜಿ ಫೀಲ್ಡ್ ಕೋರ್ಸ್: ಏನು ಕಲಿಸಬೇಕು, ಎಲ್ಲಿ ಕಲಿಸಬೇಕು?

ಕಬ್ಬಿನೂರು

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು, ಖನಿಜ ಶೋಧನೆಯ ಕೆಲಸದಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಜಿಯಾಲಜಿಸ್ಟ್‌ಗಳಿಗಾಗಿ ಒಂದು ವಾರದ ಫೀಲ್ಡ್ ಕೋರ್ಸ್ ನಡೆಸಬೇಕು ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ವಿಷಯ ಸ್ಟ್ರಕ್ಚರಲ್ ಜಿಯಾಲಜಿ. ಬಂಡೆ ಹೇಗೆ ಮಡಿಚಿದೆ, ಎಲ್ಲಿ ಕತ್ತರಿಸಿದೆ, ಯಾವ ಕಡೆಗೆ ಎಳೆದಿದೆ ಅಂತ ಓದುವುದು. ಅದಿರು ಹುಡುಕುವವರಿಗೆ ಎಷ್ಟು ಬೇಕೋ ಅಷ್ಟು.

ಈಗಿನ ಹುಡುಗ ಹುಡುಗಿಯರು ಸಾಫ್ಟ್‌ವೇರ್‌ನಲ್ಲಿ ಚೆನ್ನಾಗಿ ಪಳಗಿದ್ದಾರೆ. ಲ್ಯಾಬ್‌ನಿಂದ ರಿಸಲ್ಟ್ ಬಂದ ಸಂಜೆಯೇ ಮಾಡೆಲ್ ಕಟ್ಟಿ ತೋರಿಸುತ್ತಾರೆ. ಅದು ಸಣ್ಣ ಕೆಲಸವಲ್ಲ. ಆದರೆ ಬಂಡೆಯ ಮುಂದೆ ನಿಂತು ‘ಈ ಅದಿರು ಕೆಳಗೆ ಯಾವ ಕಡೆಗೆ ಹೋಗುತ್ತೆ?’ ಅಂತ ಕೇಳಿದರೆ ತಡವರಿಸುತ್ತಾರೆ. ಮಾಡೆಲ್‌ಗೆ ದಿಕ್ಕು ಬರಬೇಕಾದ್ದು ಬಂಡೆಯಿಂದಲೇ ಅಲ್ವಾ?

ಹಾಗಾಗಿ ಕೊನೆಯ ದಿನ ಬರೆಯುವ ಪರೀಕ್ಷೆ ಬೇಡ ಅಂದುಕೊಂಡಿದ್ದೇನೆ. ಪ್ರತಿಯೊಬ್ಬರೂ ತಾವೇ ಮಾಡಿದ ಮ್ಯಾಪ್ ಮೇಲೆ ಒಂದೇ ಒಂದು ಬೋರ್‌ಹೋಲ್ ಗುರುತಿಸಲಿ. ಎಲ್ಲಿಂದ ಶುರು, ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ, ಎಷ್ಟು ಆಳಕ್ಕೆ. ಯಾಕೆ ಅಂತ ಎಲ್ಲರ ಮುಂದೆ ನಿಂತು ಹೇಳಲಿ. ವಾರವಿಡೀ ಕಲಿಸುವುದೆಲ್ಲ ಆ ಒಂದು ಹೋಲ್‌ಗೆ ಕೆಲಸಕ್ಕೆ ಬರಬೇಕು.

ಜಾಗ ನಮ್ಮ ಕಡೆಯೇ ಇರಲಿ ಅನ್ನೋದು ನನ್ನ ಆಸೆ. 300 ಕೋಟಿ ವರ್ಷಕ್ಕೂ ಹಳೆಯ ನೈಸ್ (ಪಟ್ಟೆ ಪಟ್ಟೆಯ ಕಲ್ಲು) ಇಲ್ಲಿದೆ. ಸರಗೂರು ಊರಿನ ಹೆಸರನ್ನೇ ಇಟ್ಟಿರುವ ಸರಗೂರು ಶಿಸ್ಟ್‌ಗಳಿವೆ (ಹಾಳೆ ಹಾಳೆಯಾಗಿ ಬಿಡುವ ಕಲ್ಲು). ಮೈಸೂರಿನ ಹತ್ತಿರವೇ ಸಿಂಧುವಳ್ಳಿಯಲ್ಲಿ ಕ್ರೋಮೈಟ್, ದೊಡ್ಡಕಾನ್ಯದಲ್ಲಿ ಮ್ಯಾಗ್ನೆಸೈಟ್. ಶ್ರೀರಂಗಪಟ್ಟಣದ ಸುತ್ತ ಡೈಕ್‌ಗಳು, ಅಂದರೆ ಹಳೇ ಕಲ್ಲಿನ ಬಿರುಕಿಗೆ ನುಗ್ಗಿ ಗಟ್ಟಿಯಾದ ಕಲ್ಲಿನ ಗೋಡೆಗಳು. ಚಾಮುಂಡಿ ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷದ್ದು, ಸುತ್ತಲಿನ ಕಲ್ಲಿನ ಮುಂದೆ ತೀರಾ ಎಳೆಯದು. ಮರಳಗಾಲ–ಅಲ್ಲಾಪಟ್ಟಣದ ಲಿಥಿಯಂ ಪೆಗ್ಮಟೈಟ್ (ದಪ್ಪ ಹರಳುಗಳ ಕಲ್ಲು) ಬಗ್ಗೆ ಎಲ್ಲರೂ ಓದಿದ್ದೀರಿ. ಇನ್ನು ಚಿತ್ರದುರ್ಗದ ಶಿಸ್ಟ್ ಪಟ್ಟಿಯ ಪೂರ್ವದ ಅಂಚಿನಲ್ಲಿ ಹಾದು ಬರುವ ದೊಡ್ಡ ಶಿಯರ್ ಝೋನ್‌ಗೆ (ಕಲ್ಲು ಒಂದರ ಪಕ್ಕ ಒಂದು ಜಾರಿ ಎಳೆದುಹೋದ ಜಾಗ) ಗದಗ–ಮಂಡ್ಯ ಶಿಯರ್ ಝೋನ್ ಅಂತಲೇ ಹೆಸರಿದೆ. ನಮ್ಮೂರಿನ ಹೆಸರು ಹೊತ್ತ ಶಿಯರ್ ಝೋನನ್ನು ನಮ್ಮ ಮಕ್ಕಳೇ ಕಣ್ಣಾರೆ ನೋಡಿರುವುದಿಲ್ಲ.

ಏನು ಸೇರಿಸಬೇಕು, ಏನು ಬಿಡಬೇಕು, ದಯವಿಟ್ಟು ಹೇಳಿ.

ಹಳೇಗಣಿ

ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ಚಿನ್ನದ ಗಣಿಯೊಳಗೆ ಮ್ಯಾಪಿಂಗ್ ಮಾಡಿಕೊಂಡೇ ನಿವೃತ್ತನಾದವನು ನಾನು, ಈಗ ಮೈಸೂರಿನಲ್ಲಿದ್ದೇನೆ. ನನ್ನ ಸಲಹೆ ಒಂದೇ. ಇರುವ ಸಮಯದಲ್ಲಿ ಅರ್ಧವನ್ನು ಲಿನಿಯೇಷನ್‌ಗೆ, ಅಂದರೆ ಬಂಡೆಯಲ್ಲಿ ಮೂಡಿದ ಗೆರೆಗಳಿಗೆ ಕೊಡಿ.

ಸ್ಟ್ರೈಕ್ (ಪದರ ಮಟ್ಟವಾಗಿ ಓಡುವ ದಿಕ್ಕು), ಡಿಪ್ (ಅದು ಕೆಳಕ್ಕೆ ಇಳಿಯುವ ಕೋನ) ಎಲ್ಲರೂ ತೆಗೆಯುತ್ತಾರೆ. ಪದರದ ಮೈ ಮೇಲಿರುವ ಗೆರೆಗಳನ್ನು ನೋಡುವವರು ಕಡಿಮೆ. ಖನಿಜಗಳು ಎಳೆದುಕೊಂಡು ಮೂಡಿದ ಗೆರೆ, ಸಣ್ಣ ಮಡಿಕೆಗಳ ಅಕ್ಷ, ಪದರವೂ ಫೋಲಿಯೇಷನ್ನೂ (ಒತ್ತಡದಿಂದ ಕಲ್ಲಿನಲ್ಲಿ ಮೂಡಿದ ಹಾಳೆಗಳು) ಒಂದನ್ನೊಂದು ಕತ್ತರಿಸಿದ ಗೆರೆ. ಲೋಡ್ (ಅದಿರಿರುವ ಬೆಣಚುಕಲ್ಲಿನ ಪಟ್ಟಿ) ಪೂರ್ತಿ ಅದಿರು ಒಂದೇ ಸಮ ಇರುವುದಿಲ್ಲ. ಲೋಡ್ ಒಂದು ಗೋಡೆ ಅಂದುಕೊಳ್ಳಿ. ಒಳ್ಳೆ ಅದಿರು ಆ ಗೋಡೆ ಮೇಲೆ ಓರೆಯಾಗಿ ಬಳಿದ ಬಣ್ಣದ ಪಟ್ಟೆ. ಅದನ್ನೇ ಶೂಟ್ ಅನ್ನುತ್ತೇವೆ. ಪಟ್ಟೆ ಯಾವ ಕಡೆಗೆ ವಾಲಿದೆ ಅಂತ ಬಹಳ ಸಲ ಈ ಗೆರೆಗಳೇ ಹೇಳಿಬಿಡುತ್ತವೆ.

ಲೆಕ್ಕ ನೋಡಿ. ಲೋಡ್ ನೆಟ್ಟಗೆ ನಿಂತಿದೆ, ಉತ್ತರ–ದಕ್ಷಿಣ ಓಡುತ್ತಿದೆ. ನೆಲದ ಮೇಲೆ 60 ಮೀಟರ್ ಉದ್ದಕ್ಕೆ ಅದಿರು ಕಾಣುತ್ತಿದೆ. ಶೂಟ್ ಉತ್ತರಕ್ಕೆ 45 ಡಿಗ್ರಿ ವಾಲಿದೆ. ಹಾಗಿದ್ದರೆ 200 ಮೀಟರ್ ಆಳ ತಲುಪುವಷ್ಟರಲ್ಲಿ ಅದು ಉತ್ತರಕ್ಕೂ 200 ಮೀಟರ್ ಸರಿದಿರುತ್ತದೆ. ಮೇಲೆ ಅದಿರು ಕಂಡ ಜಾಗದ ನೇರ ಕೆಳಗೆ ಲೋಡ್‌ಗೆ ತಾಗುವಂತೆ ಹೋಲ್ ಹೊಡೆದರೆ ಬರೀ ಬೆಣಚುಕಲ್ಲು ಬರುತ್ತದೆ, ಚಿನ್ನ ಬರುವುದಿಲ್ಲ. ‘ಆಳದಲ್ಲಿ ಅದಿರಿಲ್ಲ’ ಅಂತ ವರದಿ ಬರೆದು ಕ್ಯಾಂಪ್ ಎತ್ತುತ್ತಾರೆ. ಅದಿರು ಮುಗಿದಿರುವುದಿಲ್ಲ, ಪಕ್ಕಕ್ಕೆ ಹೋಗಿರುತ್ತದೆ. ಇದಕ್ಕಿಂತ ದುಬಾರಿ ನಷ್ಟ ನಮ್ಮ ಕೆಲಸದಲ್ಲಿ ಇನ್ನೊಂದಿಲ್ಲ.

ಕೋಲಾರದ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಹೋಯಿತು. 2001ರಲ್ಲಿ ಮುಚ್ಚಿತು. ಮಟ್ಟದಿಂದ ಮಟ್ಟಕ್ಕೆ ಶೂಟ್ ಹಿಂದೆ ಹೋಗದೆ ಅಷ್ಟು ಆಳ ಮುಟ್ಟಲು ಆಗುತ್ತಿರಲಿಲ್ಲ. ಹಟ್ಟಿಯಲ್ಲಿ ಸುಮಾರು 2,000 ವರ್ಷ ಹಿಂದಿನವರು ಅಗೆದ ಗುಂಡಿಗಳಿವೆ. ಅವರ ಹತ್ತಿರ ಕಂಪಾಸ್ ಎಲ್ಲಿತ್ತು? ಅದಿರು ಹೋದ ದಾರಿಯಲ್ಲೇ ಅಗೆದರು. ಹಳೇ ಗುಂಡಿ ಯಾವ ಕಡೆಗೆ ವಾಲಿದೆ ಅಂತ ಅಳೆದರೆ ಅದೂ ಸ್ಟ್ರಕ್ಚರಲ್ ಡೇಟಾನೇ. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ.

ದುರ್ಗದ ಕಡೆ

ಮೈಸೂರಿನವರು ಬೇಸರ ಮಾಡಿಕೊಳ್ಳಬೇಡಿ. ಈ ಕೋರ್ಸ್‌ಗೆ ಚಿತ್ರದುರ್ಗವೇ ಸರಿಯಾದ ಜಾಗ. ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ) ತನ್ನ ಫೀಲ್ಡ್ ತರಬೇತಿ ಕೇಂದ್ರವನ್ನು ಇಲ್ಲಿ ಸುಮ್ನೆ ಇಟ್ಟಿಲ್ಲ. ನಮ್ಮ ಕಡೆ ಕಲ್ಲು ಅಷ್ಟಾಗಿ ಬೆಂದಿಲ್ಲ, ಅಂದರೆ ಭೂಮಿಯೊಳಗಿನ ಬಿಸಿಗೆ, ಒತ್ತಡಕ್ಕೆ ಹೆಚ್ಚು ಬದಲಾಗಿಲ್ಲ. ಮರಡಿಹಳ್ಳಿಯ ಪಿಲ್ಲೋ ಲಾವಾ (ನೀರಿನೊಳಗೆ ದಿಂಬಿನಂತೆ ಗಟ್ಟಿಯಾದ ಲಾವಾ) ನೋಡಿದರೆ ಯಾವುದು ಮೇಲು, ಯಾವುದು ಕೆಳಗು ಅಂತ ಹೊಸಬರಿಗೂ ಗೊತ್ತಾಗುತ್ತದೆ. ಅದು ಗೊತ್ತಾಗದೆ ಮಡಿಕೆಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಸರಗೂರು ಕಲ್ಲು ಜಾಸ್ತಿ ಬೆಂದದ್ದು. ಒಮ್ಮೆ ಮಡಿಚಿದ್ದನ್ನೇ ಮತ್ತೆ ಮಡಿಚಿದೆ. ಶುರುವಿನಲ್ಲೇ ಅದನ್ನು ತೋರಿಸಿದರೆ ಹುಡುಗರು ಕಂಗಾಲಾಗುತ್ತಾರೆ. ಇನ್ನು ಮಂಡ್ಯ ಅಂದರೆ ನೀರಾವರಿ ನಾಡು. ಕಬ್ಬು, ಭತ್ತದ ನಡುವೆ ಔಟ್‌ಕ್ರಾಪ್ (ಮಣ್ಣಿನಿಂದ ಹೊರಗೆ ಕಾಣುವ ಬಂಡೆ) ಎಲ್ಲಿ ಹುಡುಕುತ್ತೀರಿ?

ಕಬ್ಬಿನೂರು

ದುರ್ಗದ ಕಲ್ಲಿನ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ ಸರ್. ಆದರೆ ಔಟ್‌ಕ್ರಾಪ್ ಕಡಿಮೆ ಅನ್ನೋದೇ ನನಗೆ ಇಲ್ಲಿ ಬೇಕಾದ ಪಾಠ. ಬಂಡೆ ಎದ್ದು ಕಾಣುವ ಜಾಗಗಳನ್ನು ನೂರು ವರ್ಷದಿಂದ ಜನ ನೋಡಿಬಿಟ್ಟಿದ್ದಾರೆ. ಇನ್ನು ಹುಡುಕಬೇಕಾದ್ದು ಮಣ್ಣಿನ ಕೆಳಗೆ. ನಾಲೆ ಕಡಿದ ಜಾಗ, ಕೆರೆ ಕೋಡಿ, ತೆರೆದ ಬಾವಿ, ರಸ್ತೆಗೆ ಗುಡ್ಡ ಕೊರೆದ ಜಾಗ, ಇವುಗಳಲ್ಲಿ ಸಿಕ್ಕ ಚೂರುಪಾರು ಅಳತೆಗಳನ್ನು ಸೇರಿಸಿ ಒಂದು ಮ್ಯಾಪ್ ಕಟ್ಟುವುದನ್ನು ಕಲಿಯಬೇಕು. ಬೇಸಿಗೆಯಲ್ಲಿ ನಾಲೆ ನೀರು ನಿಲ್ಲಿಸಿ, ಕೆರೆ ತಳ ಕಂಡಾಗ ಮಂಡ್ಯದಲ್ಲೂ ಎಷ್ಟೋ ಕಲ್ಲು ಹೊರಗೆ ಬರುತ್ತದೆ. ನಾಗಮಂಗಲ, ಪಾಂಡವಪುರ, ಮೇಲುಕೋಟೆ ಕಡೆ ಒಣಭೂಮಿ ಜಾಸ್ತಿ, ಅಲ್ಲಿ ಗುಡ್ಡಗಳಿಗೇನೂ ಕೊರತೆ ಇಲ್ಲ.

ನಾಲೆಯ ಗೋಡೆ ಇನ್ನೊಂದು ಪಾಠ ಕಲಿಸುತ್ತದೆ. ಅಲ್ಲಿ ಕಾಣುವ ಇಳಿಜಾರು ನಿಜವಾದ ಡಿಪ್ ಆಗಿರಬೇಕಿಲ್ಲ. ಪದರದ ನಿಜವಾದ ಡಿಪ್ 60 ಡಿಗ್ರಿ ಇದ್ದು, ಗೋಡೆಯು ಸ್ಟ್ರೈಕ್‌ಗೆ 30 ಡಿಗ್ರಿ ಕೋನದಲ್ಲಿ ಹಾದುಹೋದರೆ ನಮ್ಮ ಕಣ್ಣಿಗೆ ಸುಮಾರು 41 ಡಿಗ್ರಿ ಕಾಣುತ್ತದೆ. ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ. ನಾಲೆಯೊಳಗೆ ಇಳಿದು, ಎರಡೂ ಅಳೆದು ನೋಡಿದ ಮೇಲೆ ಮರೆಯುವುದಿಲ್ಲ.

ಗಂಗೋತ್ರಿ ವಿದ್ಯಾರ್ಥಿನಿ

ನಮಸ್ತೆ ಸರ್, ಮೇಡಂ. ನಾನು ಎಂಎಸ್ಸಿ ಜಿಯಾಲಜಿ ಓದುತ್ತಿದ್ದೇನೆ. ವಿದ್ಯಾರ್ಥಿಗಳಿಗೂ ಅವಕಾಶ ಕೊಡ್ತೀರಾ? ಇನ್ನೊಂದು ಪ್ರಶ್ನೆ. ಬ್ರಂಟನ್ ಕಂಪಾಸ್ ತುಂಬಾ ದುಬಾರಿ. ಫೋನ್‌ನಲ್ಲಿ ಆ್ಯಪ್ ಹಾಕಿಕೊಂಡರೆ ಸಾಲದೇ? ಸ್ಟೀರಿಯೋನೆಟ್ಟೂ (ಅಳೆದ ದಿಕ್ಕುಗಳನ್ನು ಗುರುತಿಸುವ ದುಂಡಗಿನ ನಕ್ಷೆ) ಅದರಲ್ಲೇ ಬಂದುಬಿಡುತ್ತದೆ.

ಫೀಲ್ಡ್‌ಬುಕ್

ಖಂಡಿತ ಬಾಮ್ಮ, ವಿದ್ಯಾರ್ಥಿಗಳು ಬರಲೇಬೇಕು.

ಫೋನ್ ಬೇಡ ಅನ್ನುವವಳಲ್ಲ ನಾನು. ಬೇಗ ಬೇಗ ನೂರಾರು ಅಳತೆ ತೆಗೆಯಬೇಕಾದಾಗ ಅದು ನಿಜವಾಗಿಯೂ ಉಪಯೋಗ. ಒಂದೇ ಒಂದು ಅಭ್ಯಾಸ ಮಾಡಿಕೊ. ದಿನ ಶುರು ಮಾಡುವಾಗ ಒಂದೇ ಬಂಡೆಯ ಮೇಲೆ ಫೋನ್, ಕಂಪಾಸ್ ಎರಡರಲ್ಲೂ ಅಳೆದು ನೋಡು. ಮಧ್ಯಾಹ್ನ ಮತ್ತೊಮ್ಮೆ ನೋಡು. ಫೋನ್‌ನೊಳಗಿನ ಸೆನ್ಸರ್ ತಾನೇ ದಾರಿ ತಪ್ಪುತ್ತದೆ. ಮ್ಯಾಗ್ನೆಟ್ ಇರುವ ಕವರ್ ಹಾಕಿದ್ದರಂತೂ ಕೇಳುವುದೇ ಬೇಡ.

ಯಾವ ಕಂಪಾಸ್ ಆದರೂ ಮ್ಯಾಗ್ನೆಟೈಟ್ (ಕಾಂತೀಯ ಕಬ್ಬಿಣದ ಖನಿಜ) ಹತ್ತಿರ ಸುಳ್ಳು ಹೇಳುತ್ತದೆ. ಸಿಂಧುವಳ್ಳಿ ಥರದ ಅಲ್ಟ್ರಾಮಾಫಿಕ್ (ಮೆಗ್ನೀಸಿಯಂ, ಕಬ್ಬಿಣ ಜಾಸ್ತಿ ಇರುವ) ಕಲ್ಲುಗಳಲ್ಲಿ, ಕಬ್ಬಿಣದ ಪಟ್ಟೆ ಕಲ್ಲುಗಳಲ್ಲಿ ಇದು ದಿನಾ ಕಾಣುವ ತೊಂದರೆ. ಸ್ವಲ್ಪ ದೂರ ಹೋಗಿ ನಿಂತು, ಕಾಣುವ ಗುಡ್ಡವನ್ನೋ ಗೋಪುರವನ್ನೋ ಗುರಿ ಹಿಡಿದು, ಅಲ್ಲಿಂದ ಕೋನ ಲೆಕ್ಕ ಹಾಕಬೇಕು. ಮೈಸೂರು ಸುತ್ತ ಚಾಮುಂಡಿ ಬೆಟ್ಟ ಬಹಳ ಕಡೆಯಿಂದ ಕಾಣುವುದರಿಂದ ಈ ಕೆಲಸ ಸುಲಭ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಭೂಮಿಯ ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಹತ್ತಿರ ಹಾದುಹೋಗುತ್ತದೆ. ಅಮೆರಿಕಕ್ಕೋ ಯುರೋಪಿಗೋ ತೂಕ ಹೊಂದಿಸಿದ ಕಂಪಾಸ್ ಇಲ್ಲಿಗೆ ತಂದರೆ ಮುಳ್ಳು ಒಂದು ಕಡೆ ಬಾಗಿ ಗಾಜಿಗೆ ತಾಗುತ್ತದೆ. ಮುಳ್ಳಿಗೆ ಸುತ್ತಿರುವ ತಂತಿಯನ್ನು ಸರಿಸಿ ಸಮ ಮಾಡಿಕೊಳ್ಳಬೇಕು. ಮೊದಲ ದಿನ ಇದನ್ನು ಎಲ್ಲರ ಕೈಯಲ್ಲೂ ಮಾಡಿಸಿ.

ಸ್ಟೀರಿಯೋನೆಟ್ ಮಾತ್ರ ಒಮ್ಮೆಯಾದರೂ ಟ್ರೇಸಿಂಗ್ ಪೇಪರ್ ಮೇಲೆ ಕೈಯಲ್ಲಿ ಹಾಕು. ಫೋಲಿಯೇಷನ್‌ಗಳ ಪೋಲ್‌ಗಳು (ಅವುಗಳಿಗೆ ಲಂಬವಾದ ದಿಕ್ಕನ್ನು ತೋರಿಸುವ ಚುಕ್ಕಿಗಳು) ಒಂದು ಕಮಾನಿನಲ್ಲಿ ಸಾಲಾಗಿ ಕೂರುವುದನ್ನು ನೀನೇ ಗುರುತಿಸಬೇಕು. ಆ ಕಮಾನಿನ ಪೋಲ್ ಎಲ್ಲಿ ಬೀಳುತ್ತದೋ ಅದೇ ಮಡಿಕೆಯ ಅಕ್ಷ. ಅದು ಹಳೇಗಣಿ ಸರ್ ಹೇಳಿದ ಗೆರೆಗಳ ಜೊತೆ ಹೊಂದಿಕೊಂಡರೆ, ಅದಿರು ಹೋಗುವ ದಿಕ್ಕಿನ ಬಗ್ಗೆ ಧೈರ್ಯವಾಗಿ ಮಾತಾಡಬಹುದು.

ಸಂಘಟಕರಿಗೂ ಒಂದು ಮಾತು. ಹೆಣ್ಣುಮಕ್ಕಳು ಬರುತ್ತಾರೆ ಅಂದಮೇಲೆ ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿಟ್ಟು ಆ ದಿನದ ದಾರಿ ಹಾಕಿ. ಇದನ್ನು ಯಾರೂ ಬರೆದಿಡುವುದಿಲ್ಲ. ದಿನವಿಡೀ ನೀರು ಕುಡಿಯದೆ ಬಿಸಿಲಲ್ಲಿ ನಡೆಯುವ ಹುಡುಗಿಯರನ್ನು ನೋಡಿ ನೋಡಿ ಸಾಕಾಗಿದೆ.

ಕೋರ್ ಪೆಟ್ಟಿಗೆ

ಡ್ರಿಲ್ ಕ್ಯಾಂಪ್‌ನಿಂದ ಬರೆಯುತ್ತಿದ್ದೇನೆ. ನಿಮ್ಮ ವಾರದಲ್ಲಿ ಕೋರ್‌ಗೆ (ಬೋರ್‌ಹೋಲ್‌ನಿಂದ ಹೊರತೆಗೆದ ಕಲ್ಲಿನ ಕೋಲು) ಜಾಗವೇ ಕಾಣಲಿಲ್ಲ. ಬಂಡೆ ಕಾಣದ ಕಡೆ ನಮಗೆ ಸಿಗುವ ಔಟ್‌ಕ್ರಾಪ್ ಅಂದರೆ ಕೋರ್ ತಾನೇ. ಎನ್‌ಕ್ಯೂ ಸೈಜ್ ಅಂದರೆ 47.6 ಮಿ.ಮೀ. ದಪ್ಪ. ಅಷ್ಟರಲ್ಲೇ ಎಲ್ಲ ಓದಬೇಕು.

ಕೋರ್ ಹೊರಗೆ ಬಂದಾಗ ಬ್ಯಾರೆಲ್‌ನೊಳಗೆ ತಿರುಗಿರುತ್ತದೆ. ನೆಲದೊಳಗೆ ಅದರ ಯಾವ ಮೈ ಕೆಳಗಿತ್ತು ಅಂತ ಓರಿಯೆಂಟೇಷನ್ ಟೂಲ್ ಹೇಳುತ್ತದೆ. ಆ ಗುರುತಿನಿಂದ ಕೋರ್ ಉದ್ದಕ್ಕೂ ಒಂದು ಗೆರೆ ಎಳೆಯುತ್ತೇವೆ. ಆಮೇಲೆ ಪ್ರತಿ ಪದರಕ್ಕೂ ಎರಡು ಕೋನ. ಕೋರ್‌ನ ಅಕ್ಷಕ್ಕೂ ಪದರಕ್ಕೂ ನಡುವಿನ ಕೋನ ಆಲ್ಫಾ. ಕೆಳಮುಖವಾಗಿ ನೋಡುತ್ತಾ, ಆ ಗೆರೆಯಿಂದ ಗಡಿಯಾರದ ದಿಕ್ಕಿನಲ್ಲಿ ಪದರದ ಅಂಡಾಕಾರದ ಕೆಳ ತುದಿಯವರೆಗೆ ಅಳೆದದ್ದು ಬೀಟಾ. ಹೋಲ್ ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ ಹೋಗಿದೆ ಅಂತ ಗೊತ್ತಿದ್ದರೆ ಇವೆರಡರಿಂದ ಪದರದ ನಿಜವಾದ ಡಿಪ್, ದಿಕ್ಕು ಎರಡೂ ಬರುತ್ತವೆ.

ಗೆರೆಯೇ ತಪ್ಪಾದರೆ? ಸಾವಿರ ಅಳತೆ ತೆಗೆದರೂ ಎಲ್ಲ ಕಸ. ಅದಕ್ಕೇ ಒಂದು ರನ್‌ನ (ಒಂದು ಸಲಕ್ಕೆ ಹೊರತೆಗೆದ ಕೋರ್) ಗೆರೆ ಮುಂದಿನ ರನ್‌ನ ಗೆರೆಗೆ ಕೂಡುತ್ತದಾ ಅಂತ ತುಂಡುಗಳನ್ನು ಜೋಡಿಸಿ ನೋಡುವ ಅಭ್ಯಾಸ ಬೇಕು. ಇದನ್ನು ಕೂತು ಮಾಡಿಸಬೇಕು, ಸ್ಲೈಡ್‌ನಲ್ಲಿ ತೋರಿಸಿದರೆ ಬರುವುದಿಲ್ಲ.

ಇನ್ನೊಂದು ಲೆಕ್ಕ. ಕೋರ್‌ನಲ್ಲಿ 10 ಮೀಟರ್ ಅದಿರು ಸಿಕ್ಕಿದೆ, ಆಲ್ಫಾ 30 ಡಿಗ್ರಿ ಅಂದರೆ ಅದರ ನಿಜವಾದ ದಪ್ಪ 5 ಮೀಟರ್ ಮಾತ್ರ. ‘10 ಮೀಟರ್ ಸಿಕ್ತು’ ಅಂತ ಆಫೀಸಿಗೆ ಫೋನ್ ಮಾಡುವ ಮೊದಲು ಆಲ್ಫಾ ನೋಡಬೇಕು.

ಕನಿಷ್ಠ ಎರಡು ದಿನ ಕೋರ್‌ಗೆ ಇಡಿ.

ದುರ್ಗದ ಕಡೆ

ಕೋರ್ ಎರಡು ದಿನ, ಲಿನಿಯೇಷನ್ ಮೂರೂವರೆ ದಿನ. ಮಡಿಕೆಗೆ, ಶಿಯರ್‌ಗೆ ಏನು ಉಳಿಯಿತು? ಸಣ್ಣ ಮಡಿಕೆಗಳು ಎಸ್ ಆಕಾರದಲ್ಲಿವೆಯೋ, ಝಡ್ ಆಕಾರದಲ್ಲಿವೆಯೋ, ಎಮ್ ಆಕಾರದಲ್ಲಿವೆಯೋ ಅಂತ ನೋಡಿದರೆ ದೊಡ್ಡ ಮಡಿಕೆಯ ಯಾವ ಮಗ್ಗುಲಲ್ಲಿ ನಿಂತಿದ್ದೇವೆ ಅಂತ ಗೊತ್ತಾಗುತ್ತದೆ. ಎಮ್ ಸಿಕ್ಕರೆ ಮಡಿಕೆಯ ಮೂಗಿನ (ಮಡಿಕೆ ತಿರುಗುವ ಜಾಗ) ಹತ್ತಿರ ಇದ್ದೀರಿ. ಅದಿರು ದಪ್ಪಗಾಗುವ ಸಾಧ್ಯತೆ ಅಲ್ಲಿ ಜಾಸ್ತಿ. ಇದನ್ನು ಬಿಟ್ಟು ಕೋರ್ಸ್ ಮಾಡಲು ಆಗಲ್ಲ.

ಶಿಯರ್ ಝೋನ್‌ನಲ್ಲಿ ಕಲ್ಲು ಯಾವ ಕಡೆಗೆ ಜಾರಿದೆ ಅಂತ ಹೇಳಲೂ ಒಂದು ಶಿಸ್ತು ಇದೆ. ಸಿಕ್ಕ ಸಿಕ್ಕ ಮೈ ನೋಡಿ ಹೇಳುವ ಹಾಗಿಲ್ಲ. ಎಳೆತದ ಗೆರೆಗೆ ಸಮಾನಾಂತರವಾಗಿ, ಫೋಲಿಯೇಷನ್‌ಗೆ ಲಂಬವಾಗಿ ಇರುವ ಮೈ ಮಾತ್ರ ನೋಡಬೇಕು. ನೆಲದ ಮೇಲೆ ಚಪ್ಪಟೆಯಾಗಿ ಕಾಣುವ ಬಂಡೆಯಲ್ಲಿ ಕಣ್ಣಿನಾಕಾರದ ಫೆಲ್ಡ್‌ಸ್ಪಾರ್ ಹರಳುಗಳ ಬಾಲ ನೋಡಿ ‘ಬಲಕ್ಕೆ ಜಾರಿದೆ’ ಅಂತ ಬರೆದುಬಿಡುತ್ತಾರೆ. ಅಲ್ಲಿ ಎಳೆತದ ಗೆರೆ ನೆಟ್ಟಗೆ ಕೆಳಕ್ಕೆ ಇದ್ದರೆ ಆ ಮಾತಿಗೆ ಬೆಲೆಯೇ ಇಲ್ಲ.

ಹಳೇಗಣಿ

ಕಡೆಗೆ ನೀವೂ ಎಳೆತದ ಗೆರೆಗೇ ಬಂದಿರಿ! ನಾನು ಅರ್ಧ ಸಮಯ ಅಂದದ್ದು ಅದಕ್ಕೇ. ಮಡಿಕೆ ಕಲಿಸಿದರೂ ಅದರ ಅಕ್ಷ ಒಂದು ಗೆರೆ, ಶಿಯರ್ ಕಲಿಸಿದರೂ ಗೆರೆ, ಕೋರ್‌ನಲ್ಲೂ ಗೆರೆ ಅಳೆಯಬಹುದು. ಬೇರೆ ಬೇರೆ ದಿನ ಬೇಕಿಲ್ಲ. ಎಲ್ಲಿ ನಿಂತರೂ ‘ಇಲ್ಲಿ ಗೆರೆ ಎಲ್ಲಿದೆ?’ ಅಂತ ಕೇಳುತ್ತಿರಿ, ಸಾಕು.

ಆದರೆ ಕೋರ್‌ಗೆ ಎರಡು ದಿನ ಜಾಸ್ತಿಯಾಯಿತು. ಬಂಡೆ ಓದಲು ಬಂದವನು ಕೋರ್ ಓದುತ್ತಾನೆ. ಬರೀ ಕೋರ್ ನೋಡಿ ಬೆಳೆದವನಿಗೆ ಬಂಡೆ ಅರ್ಥವಾಗುವುದು ಕಷ್ಟ.

ಕೋರ್ ಪೆಟ್ಟಿಗೆ

ಇದನ್ನು ಒಪ್ಪಲಾರೆ ಸರ್. ಕೆಲಸಕ್ಕೆ ಸೇರಿದ ಮರುದಿನವೇ ಹುಡುಗರನ್ನು ಕೋರ್ ಶೆಡ್‌ಗೆ ಕಳಿಸುತ್ತಾರೆ. ಬಂಡೆ ನೋಡುವ ಭಾಗ್ಯ ವರ್ಷದ ಮೇಲೆ ಸಿಗುತ್ತದೆ. ಅವರಿಗೆ ನಾಳೆ ಬೇಕಾದ್ದನ್ನು ಇವತ್ತು ಕಲಿಸಬೇಡವೇ?

ಅಲ್ಲಾಪಟ್ಟಣ ರಸ್ತೆ

ನಾನು ಜಿಯಾಲಜಿ ಓದಿದವನಲ್ಲ, ವ್ಯವಸಾಯ ಮಾಡೋನು. ಮರಳಗಾಲದ ಸುದ್ದಿ ಬಂದಾಗಿನಿಂದ ನಮ್ಮ ಕಡೆ ಜನಕ್ಕೆ ಒಂದೇ ಚಿಂತೆ, ಜಮೀನು ಏನಾಗುತ್ತೆ ಅಂತ. ಒಬ್ಬರು 14,000 ಟನ್ ಅಂತಾರೆ, ಇನ್ನೊಬ್ಬರು 1,600 ಟನ್ ಅಂತಾರೆ. ಕಾಗೆಬಂಗಾರ ಹೊಳೆಯೋ ಬಿಳಿ ಕಲ್ಲು ನಮ್ಮ ಹೊಲದಲ್ಲೂ ಇದೆ. ಸುತ್ತಿಗೆ ಹಿಡಿದು ಬರುವವರು ಬದುವಿನ ಮೇಲೆ ನಿಂತು ಒಡೆದು, ಹೇಳದೆ ಕೇಳದೆ ಹೋಗುತ್ತಾರೆ. ನಿಮ್ಮ ಕೋರ್ಸ್‌ನಲ್ಲಿ ರೈತರ ಹತ್ತಿರ ಹೇಗೆ ಮಾತಾಡಬೇಕು ಅಂತಲೂ ಕಲಿಸ್ತೀರಾ ಅಣ್ಣ?

ಕಬ್ಬಿನೂರು

ನೀವು ಬರೆದದ್ದು ಬಹಳ ಒಳ್ಳೆಯದಾಯಿತು ಅಣ್ಣ. ಇದು ಮೊದಲ ದಿನದ ಮೊದಲ ಪಾಠವಾಗಬೇಕು.

ಟನ್ ಲೆಕ್ಕ ಹೇಳುತ್ತೇನೆ. 2020ರಲ್ಲಿ ಪತ್ರಿಕೆಗಳಲ್ಲಿ ಬಂದದ್ದು ಸುಮಾರು 14,100 ಟನ್. ಆಮೇಲೆ 2021ರಲ್ಲಿ ಕೇಂದ್ರ ಸರ್ಕಾರ ಹೇಳಿದ್ದು 1,600 ಟನ್, ಅದೂ ಇನ್‌ಫರ್ಡ್ ದರ್ಜೆಯಲ್ಲಿ. ಅಂದರೆ ಕಡಿಮೆ ಮಾಹಿತಿಯ ಮೇಲೆ ಮಾಡಿದ ಅಂದಾಜು. ನಿಮ್ಮ ಹೊಲದಲ್ಲಿ ಬಿಳಿ ಕಲ್ಲು, ಕಾಗೆಬಂಗಾರ ಇದ್ದ ಮಾತ್ರಕ್ಕೆ ಲಿಥಿಯಂ ಇದೆ ಅಂತಲ್ಲ. ಬಹುತೇಕ ಪೆಗ್ಮಟೈಟ್‌ಗಳಲ್ಲಿ ಅದು ಇರುವುದೇ ಇಲ್ಲ. ಸ್ಪೋಡುಮಿನ್ ಥರದ ಲಿಥಿಯಂ ಖನಿಜ ಇರಬೇಕು. ಸ್ಪೋಡುಮಿನ್ ಕೈಯಲ್ಲಿ ಹಿಡಿದರೆ ಅದೇ ಗಾತ್ರದ ಫೆಲ್ಡ್‌ಸ್ಪಾರ್‌ಗಿಂತ ತೂಕ ಅನಿಸುತ್ತದೆ.

ಇದು ಕೋರ್ಸ್‌ಗೂ ಸಂಬಂಧಿಸಿದ್ದೇ. ಪೆಗ್ಮಟೈಟ್ ನೆಲದೊಳಗೆ ಒಂದೇ ದಪ್ಪಕ್ಕೆ ಹೋಗುವುದಿಲ್ಲ. ಒಂದು ಕಡೆ ಉಬ್ಬುತ್ತದೆ, ಒಂದು ಕಡೆ ಸೊರಗುತ್ತದೆ, ಒಂದು ಕಡೆ ತುಂಡಾಗುತ್ತದೆ. ಶಿಸ್ಟ್‌ನ ಫೋಲಿಯೇಷನ್ ಜೊತೆ ನುಗ್ಗಿದೆಯೋ, ಅದನ್ನು ಕತ್ತರಿಸಿ ನುಗ್ಗಿದೆಯೋ, ಬಂದ ಮೇಲೆ ಮಡಿಚಿತೋ, ಇದನ್ನೆಲ್ಲ ನೋಡದೆ ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಗೆರೆ ಎಳೆದು ಟನ್ ಲೆಕ್ಕ ಹಾಕಬಾರದು. ಆ ಲೆಕ್ಕ ನಂಬಿ ಊರಿಗೆ ಊರೇ ನಿದ್ದೆ ಕೆಡುತ್ತದೆ.

ಗಂಗೋತ್ರಿ ವಿದ್ಯಾರ್ಥಿನಿ

ಕೆಲಸದ ಅವಕಾಶ ಹೇಗಿದೆ ಸರ್? ಮನೆಯಲ್ಲಿ ಬಿ.ಎಡ್. ಮಾಡು ಅಂತಿದ್ದಾರೆ.

ಫೀಲ್ಡ್‌ಬುಕ್

2023ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಆಯಿತು. ಲಿಥಿಯಂ ಸೇರಿ ಆರು ಖನಿಜಗಳನ್ನು ಅಣು ಖನಿಜಗಳ ಪಟ್ಟಿಯಿಂದ ತೆಗೆದರು. 29 ಖನಿಜಗಳಿಗೆ ಶೋಧನಾ ಲೈಸೆನ್ಸ್ ಅನ್ನೋ ಹೊಸ ದಾರಿ ಬಂತು. ಖಾಸಗಿ ಶೋಧನಾ ಸಂಸ್ಥೆಗಳಿಗೂ ಈಗ ಕೆಲಸ ಸಿಗುತ್ತಿದೆ. ಅವರಿಗೆ ಬೇಕಾಗಿರುವುದು ಮ್ಯಾಪ್ ಮಾಡಬಲ್ಲ ಜನ. ನಿನಗೆ ಆಸೆ ಇದ್ದರೆ ಮನೆಯಲ್ಲಿ ನಾನೇ ಮಾತಾಡುತ್ತೇನೆ, ಬೇಕಾದರೆ ಮೆಸೇಜ್ ಮಾಡು.

ಕಬ್ಬಿನೂರು

ಇಷ್ಟರ ಮೇಲೆ ಒಂದು ರೂಪ ಹೀಗಿದೆ. ಮೊದಲ ದಿನ ಕಂಪಾಸ್ ಸರಿ ಮಾಡುವುದು, ಹಳ್ಳಿಯಲ್ಲಿ ಮಾತಾಡುವುದು, ಆಮೇಲೆ ಶ್ರೀರಂಗಪಟ್ಟಣದ ಡೈಕ್‌ಗಳು. ಯಾವುದು ಯಾವುದನ್ನು ಕತ್ತರಿಸಿದೆ ಅಂತ ನೋಡಿ ಹಳೆಯದು, ಹೊಸದು ವಿಂಗಡಿಸಲು ಅದಕ್ಕಿಂತ ಸುಲಭದ ಜಾಗ ಇಲ್ಲ. ದೊಡ್ಡಕಾನ್ಯ, ಸಿಂಧುವಳ್ಳಿ ಕಡೆ ಒಂದು ದಿನ. ಅಲ್ಟ್ರಾಮಾಫಿಕ್ ಕಲ್ಲಿನ ಬಿರುಕುಗಳಲ್ಲಿ ಬೆಳ್ಳಗೆ ತುಂಬಿಕೊಂಡ ಮ್ಯಾಗ್ನೆಸೈಟ್ ನೋಡಿದರೆ ಬಿರುಕಿನ ಜಾಲ ಅದಿರನ್ನು ಹೇಗೆ ಹಿಡಿದಿಡುತ್ತದೆ ಅಂತ ಬಾಯಲ್ಲಿ ಹೇಳಬೇಕಾಗಿಲ್ಲ. ನಾಗಮಂಗಲ ಕಡೆ ಎರಡು ದಿನ ಮ್ಯಾಪಿಂಗ್, ಮಡಿಕೆ, ಶಿಯರ್, ಎಲ್ಲ ಕಡೆ ಗೆರೆ. ಕೋರ್‌ಗೆ ಒಂದೂವರೆ ದಿನ, ಇಬ್ಬರಿಗೂ ಪೂರ್ತಿ ಸಮಾಧಾನ ಆಗಲ್ಲ ಅಂತ ಗೊತ್ತು. ಕೊನೆಗೆ ಬೋರ್‌ಹೋಲ್.

ಮೇಲುಕೋಟೆಯಲ್ಲಿ ವನ್ಯಜೀವಿಧಾಮ ಇದೆ, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಆ ಕಡೆ ಕಾಲಿಡುವುದು ಬೇಡ. ಕೆಆರ್‌ಎಸ್ ಸುತ್ತಲಿನ ಕ್ವಾರಿಗಳ ವಿಷಯ ಕೋರ್ಟ್‌ವರೆಗೆ ಹೋಗಿದೆ, ಅಲ್ಲಿಗೂ ಬೇಡ. ಚಾಮುಂಡಿ ಬೆಟ್ಟದಲ್ಲಿ ಕಣ್ಣಿಂದ ನೋಡುವುದಷ್ಟೇ, ಸುತ್ತಿಗೆ ಬ್ಯಾಗಿನಿಂದ ಹೊರಗೆ ಬರಬಾರದು.

ದುರ್ಗದ ಕಡೆ

ಸರಿ, ಮೈಸೂರಿನಲ್ಲೇ ಆಗಲಿ. ಆದರೆ ಶುರುವಿಗೆ ಮೊದಲು ಎರಡು ದಿನ ಹುಡುಗರನ್ನು ನಮ್ಮ ಕಡೆ ಕಳಿಸಿ. ಬೇಯದ ಕಲ್ಲು ನೋಡಿ ಬಂದರೆ ಬೆಂದ ಕಲ್ಲು ಓದುವುದು ಸುಲಭ. ಮರಡಿಹಳ್ಳಿ ನಾನೇ ತೋರಿಸುತ್ತೇನೆ, ಊಟದ ವ್ಯವಸ್ಥೆಯೂ ನನ್ನದು.

ಅಲ್ಲಾಪಟ್ಟಣ ರಸ್ತೆ

ನಮ್ಮ ಕಡೆ ಬರೋದಾದರೆ ಕೊಯ್ಲು ಮುಗಿದ ಮೇಲೆ ಬನ್ನಿ, ಗದ್ದೆಯಲ್ಲಿ ಓಡಾಡಬಹುದು. ಮೊದಲು ಪಂಚಾಯಿತಿಗೆ ಒಂದು ಪತ್ರ ಕೊಡಿ, ಯಾರು, ಯಾಕೆ ಬರ್ತಿದ್ದೀರಿ ಅಂತ ಕನ್ನಡದಲ್ಲೇ ಬರೆದು. ಕಬ್ಬಿನ ಗದ್ದೆ ಒಳಗೆ ಒಬ್ಬೊಬ್ಬರೇ ನುಗ್ಗಬೇಡಿ, ಚಿರತೆ ಓಡಾಡುತ್ತೆ. ನಮ್ಮ ತೆರೆದ ಬಾವಿಯ ಒಳಗಡೆ ಕಲ್ಲಿನ ಪದರ ಚೆನ್ನಾಗಿ ಕಾಣುತ್ತೆ. ಮೆಟ್ಟಿಲೂ ಇದೆ. ಬಂದು ಅಳೆದುಕೊಳ್ಳಿ.